ದಾನಮ್ಮನ ಬಲಗಿವಿ

ಬೆಳಗಿನ ಐದೂ ಕಾಲು. ಮುಂಬಯಿ ಹೊರವಲಯದ ಠಾಕುರ್ಲಿ ಸ್ಟೇಷನ್ನಿನ ಪೂರ್ವಕ್ಕಿರುವ ಝೆರಾಕ್ಸ್ ಅಂಗಡಿಯ ಶಟರ್ ಇನ್ನೂ ಎದ್ದಿಲ್ಲ. ಅದರ ಮೆಟ್ಟಿಲ ಮೇಲೆ ಗೋಣಿ ಹಾಸಿಕೊಂಡು, ಮುಂದೆ ಮಡಚುವ ಕಬ್ಬಿಣದ ಟೇಬಲ್ ಬಿಡಿಸಿ ದಾನಮ್ಮ ಕೂತಿದ್ದಾರೆ. ಟೇಬಲ್ ಮೇಲೆ ಹಿಂದಿನ ದಿನ ರಿಪೇರಿ ಮಾಡಿದ ಹದಿಮೂರು ಹೆಡ್‌ಫೋನ್‌ಗಳು ಸಾಲಾಗಿ ಮಲಗಿವೆ. ಒಂದನ್ನು ತಲೆಗೇರಿಸಿ, ಮೊಬೈಲಿಗೆ ವೈರ್ ಚುಚ್ಚಿ, ಕಣ್ಣು ಮುಚ್ಚುತ್ತಾರೆ.

ಕಿವಿಯಲ್ಲಿ ಹಾಡಿಲ್ಲ. ಹೆಂಗಸೊಬ್ಬರು ನಿಧಾನವಾಗಿ ಎಣಿಸುತ್ತಿದ್ದಾರೆ: ಒಂದು, ಎರಡು, ಮೂರು. ಎಣಿಕೆ ಹತ್ತಕ್ಕೆ ಬಂದಾಗ ದಾನಮ್ಮ ಹೆಡ್‌ಫೋನನ್ನು ಹಿಂದುಮುಂದಾಗಿಸಿ ಹಾಕಿಕೊಳ್ಳುತ್ತಾರೆ. ಎಡದ ಬಟ್ಟಲು ಈಗ ಬಲಗಿವಿಯ ಮೇಲೆ. ಹನ್ನೊಂದು, ಹನ್ನೆರಡು. ಇಪ್ಪತ್ತಕ್ಕೆ ತಲೆಯಾಡಿಸಿ ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಕಸಾರಾ ಕಡೆಯಿಂದ ಲೋಕಲ್ ರೈಲು ಬರುತ್ತದೆ. ದಾನಮ್ಮನ ಕೈ ನಿಲ್ಲುತ್ತದೆ.

"ಗಾಡಿ ಬಂತಂದ್ರ ಕೈ ತಡೀಬೇಕ್ರಿ. ಇವು ಕಿವಿ ಮ್ಯಾಲ ಕೂಡೋವು, ಒಳಗ ಹೋಗೋವಲ್ಲ. ಹೊರಗಿನ ಸಪ್ಪಳ ಎಲ್ಲಾ ಬರ್ತದ. ಎರಡು ಗಾಡಿ ನಡುವ ನಾಕೈದು ಮಿನಿಟ್ ಸಿಗ್ತಾವ. ಏಳು ಗಂಟೆ ಆದಮ್ಯಾಲ ಅದೂ ಇಲ್ಲ. ಅದಕ್ಕ ನಸುಕಿಗೇ ಬರೂದು."

ದಿವಾದ ಒಂದೇ ಕೋಣೆಯ ಮನೆಯಿಂದ ನಾಲ್ಕೂವರೆಗೆ ಹೊರಟು, ಮೂರು ಸ್ಟೇಷನ್ ದಾಟಿ ಬರುವ ದಾನಮ್ಮನಿಗೆ ನಲವತ್ತಾರು ವರ್ಷ. ವಿಜಯಪುರ ಜಿಲ್ಲೆಯ ಸಿಂದಗಿ ಕಡೆಯವರು. ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ. ಗಂಡ ಭೀಮು ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾರೆ. ಹೆಡ್‌ಫೋನ್ ರಿಪೇರಿಯವರು ಸ್ಟೇಷನ್ನಿಗೆ ನಾಲ್ಕು ಜನ ಸಿಗಬಹುದು. ಆದರೆ ರಿಪೇರಿಗೆ ಬಂದವರ ಹೆಡ್‌ಫೋನ್ ಬಿಟ್ಟು ಅವರ ಕಿವಿಯ ರೋಗ ಹಿಡಿದು, ಆಸ್ಪತ್ರೆಗೆ ಅಟ್ಟುವವರು ಇವರೊಬ್ಬರೇ. ಮೂರು ವರ್ಷಗಳಲ್ಲಿ ಇಪ್ಪತ್ತಾರು ಜನರನ್ನು ಅಟ್ಟಿದ್ದಾರೆ. ಅದಕ್ಕೆ ಯಾರೂ ಶಾಲು ಹೊದಿಸಿಲ್ಲ. ಹೊದಿಸಲು ಬಂದರೆ, "ಇದರಾಗ ಗಾದಿ ಎಷ್ಟು ಆಗ್ತಾವ ನೋಡೋಣು" ಎಂದು ಕತ್ತರಿ ಹಿಡಿಯುವ ಹೆಣ್ಣುಮಗಳು ಇವರು.

ಗಾದಿ ಎಂದರೆ ಬಟ್ಟಲಿನ ಸುತ್ತ ಇರುವ ಮೆತ್ತೆ. ಅಂಗಡಿಯಿಂದ ತಂದಾಗ ಚರ್ಮದಂತೆ ಮಿರಮಿರ ಮಿಂಚುತ್ತದೆ. ಎರಡು ಬೇಸಿಗೆಯ ಬೆವರು ಕುಡಿದ ಮೇಲೆ ಕರಿ ಹಪ್ಪಳದಂತೆ ಉದುರಲು ಶುರುವಾಗುತ್ತದೆ. ಆಫೀಸಿಗೆ ಹೋಗುವ ಹುಡುಗಿಯರ ಕೆನ್ನೆಗೆ ಕಿವಿಯ ಹತ್ತಿರ ಮಸಿ ಹತ್ತಿದ್ದರೆ ಅದು ಗಾದಿ ಉದುರಿದ್ದೆಂದು ದಾನಮ್ಮ ದೂರದಿಂದಲೇ ಹೇಳುತ್ತಾರೆ. ಅದನ್ನು ಕಿತ್ತು, ಸ್ಪಂಜು ಬದಲಿಸಿ, ಮೇಲೆ ಹಳೆಯ ಹತ್ತಿ ಸೀರೆಯ ಬಟ್ಟೆ ಹೊಲಿಯುತ್ತಾರೆ. "ಹತ್ತಿ ಬೆವರು ಹೀರ್ತದ, ಕಿವಿ ಕೊಳೆಯಂಗಿಲ್ಲ. ಎಷ್ಟ್ ದೊಡ್ಡ ಕಂಪನಿದಿರಲಿ, ಮೇ ತಿಂಗಳದಾಗ ಲೋಕಲ್‌ನ್ಯಾಗ ನಿಂತು ನೋಡಿಲ್ಲ ಅದನ್ನ ಮಾಡಿದಾಂವ."

ಯಾವುದು ಒಳ್ಳೆಯದು ಎಂದು ಕೇಳಿದರೆ ದಾನಮ್ಮನ ಬಳಿ ಡಬ್ಬದ ಮೇಲೆ ಬರೆದದ್ದಲ್ಲ, ಟೇಬಲ್ ಮೇಲೆ ಕಂಡದ್ದೇ ಉತ್ತರ. ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡವು ಮನೆಯಲ್ಲಿ ಕೂತು ಕೇಳುವವರಿಗೆ. "ಅದು ಹೆಲ್ಮೆಟ್ಟು. ಡೊಂಬಿವಲಿ ಗರ್ದಿಯಾಗ ನೀನೇ ಮಡಚಿಕೊಂಡು ನಿಂತಿರ್ತಿ, ಅದನ್ನ ಎಲ್ಲಿ ಇಡ್ತಿ?" ಕಿವಿಯೊಳಗೆ ತುರುಕುವ ಚಿಕ್ಕವು ಹತ್ತುವಾಗ ಒಂದು, ಇಳಿಯುವಾಗ ಒಂದು ಹಳಿಗೆ ಬೀಳುತ್ತವೆ. ಹಾಕಿಕೊಂಡವನಿಗೆ ಅನೌನ್ಸ್‌ಮೆಂಟ್ ಕೇಳುವುದಿಲ್ಲ, ಹಿಂದಿನಿಂದ ಬರುವ ಗಾಡಿಯೂ ಕೇಳುವುದಿಲ್ಲ. ಕಿವಿಯ ಮೇಲೆ ಕೂರುವವೇ ವಾಸಿ. ಮಡಚಿ ಟಿಫಿನ್ ಡಬ್ಬಿಯ ಪಕ್ಕ ಇಡಬಹುದು. ವೈರಿನದಾದರೆ ಯಾರದೋ ಬ್ಯಾಗಿನ ಝಿಪ್ಪಿಗೆ ಸಿಕ್ಕಿ ಹರಿಯುತ್ತದೆ. ವೈರಿಲ್ಲದ್ದು ಮುಂಬ್ರಾದವರೆಗೆ ಹಾಡಿ ಕಳವಾಕ್ಕೆ ಬರುವಷ್ಟರಲ್ಲಿ ಸಾಯುತ್ತದೆ. ಹೊಸದರ ತಲೆ ಮೇಲಿನ ಕಮಾನು ಇಕ್ಕಳದಂತೆ ಒತ್ತುತ್ತದೆ, ಬೆಂಡೋಲೆ ಹಾಕಿದವರಿಗೆ ಗಂಟೆಯೊಳಗೆ ಕಿವಿ ನೋವು. ಅದಕ್ಕೂ ಮದ್ದಿದೆ. ಮೂರು ರಾತ್ರಿ ಅಕ್ಕಿ ಡಬ್ಬಿಗೆ ತೊಡಿಸಿಟ್ಟರೆ ಹಿಡಿತ ಸಡಿಲಾಗುತ್ತದೆ.

ಇಷ್ಟೆಲ್ಲ ಬಲ್ಲ ದಾನಮ್ಮ ಮೊದಲ ಐದು ತಿಂಗಳು ಮಾಡಿದ್ದು ಮಾತ್ರ ತಪ್ಪು ಕೆಲಸ. ಅದನ್ನು ಅವರೇ ಹೇಳುತ್ತಾರೆ. ಮುಚ್ಚಿಡುವ ಸ್ವಭಾವವಿಲ್ಲ.

ತಪ್ಪಿನ ಬೇರು ನವಿ ಮುಂಬಯಿಯ ರಬಾಳೆಯಲ್ಲಿದೆ. ಅಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಮಾಡುವ ಕಾರ್ಖಾನೆಯೊಂದರಲ್ಲಿ ಇವರು ಹನ್ನೊಂದು ವರ್ಷ ವೈರುಗಳಿಗೆ ಬೆಸುಗೆ ಹಾಕಿದರು. ಸಾಲಿನ ತುದಿಯ ಸ್ಟೂಲು ಇವರದು. ಎಡಕ್ಕೆ ಆರು ಅಡಿ ದೂರದಲ್ಲಿ ತಗಡು ಕತ್ತರಿಸುವ ಪ್ರೆಸ್. ದಿನಕ್ಕೆ ಎಂಟು ಗಂಟೆ, ಧಡ್, ಧಡ್, ಧಡ್. ಪ್ರೆಸ್ಸಿನ ಮುಂದೆ ನಿಂತವನಿಗೂ ಪಕ್ಕದಲ್ಲಿ ಕೂತ ಹೆಂಗಸರಿಗೂ ಕಿವಿಗೆ ಇಟ್ಟುಕೊಳ್ಳಲು ಒಂದು ಚೂರು ರಬ್ಬರ್ ಕೊಡಬೇಕೆಂದು ಆ ಮಾಲೀಕನಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಆಫೀಸು ಕೋಣೆಗೆ ದಪ್ಪ ಗಾಜು ಹಾಕಿಸಿಕೊಂಡಿದ್ದ. ತನ್ನ ಕಿವಿಯ ಬೆಲೆ ಗೊತ್ತಿದ್ದವನಿಗೆ ಇನ್ನೊಬ್ಬರದು ಗೊತ್ತಿರಲಿಲ್ಲ ಎನ್ನುವುದು ಸುಳ್ಳು.

ಕಾರ್ಖಾನೆ ಒಂದು ದಿನ ಹೇಳದೆ ಕೇಳದೆ ಗುಜರಾತಿಗೆ ಹೋಯಿತು. ಬೆಸುಗೆ ಕಲಿತ ಕೈ ಉಳಿಯಿತು. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಪರಿಚಯದವಳೊಬ್ಬಳ ಹೆಡ್‌ಫೋನ್ ವೈರ್ ಕಿತ್ತಾಗ ಮನೆಗೆ ಒಯ್ದು ಬೆಸೆದು ಕೊಟ್ಟರು. ಒಂದು ನಾಲ್ಕಾಯಿತು, ನಾಲ್ಕು ಹತ್ತಾಯಿತು. ಝೆರಾಕ್ಸ್ ಅಂಗಡಿಯ ಪ್ರೇಮನಾಥ, ಉಡುಪಿಯವರು, ಮೆಟ್ಟಿಲು ಬಿಟ್ಟುಕೊಟ್ಟರು. ಹತ್ತಕ್ಕೆ ಅಂಗಡಿ ತೆರೆದ ಮೇಲೆ ಬೆಸುಗೆಯ ಕಬ್ಬಿಣಕ್ಕೆ ಕರೆಂಟನ್ನೂ ಕೊಟ್ಟರು.

ಎಡಗಿವಿ ಹೋಗಿದೆ ಎಂದು ದಾನಮ್ಮನಿಗೆ ಗೊತ್ತಿರಲಿಲ್ಲ. ಕಣ್ಣು ಹೋದರೆ ಕತ್ತಲೆ ತಿಳಿಸುತ್ತದೆ. ಒಂದು ಕಿವಿ ಮೆಲ್ಲಗೆ ಹೋದರೆ ಇನ್ನೊಂದು ಅದರ ಕೆಲಸವನ್ನೂ ಸುಮ್ಮನೆ ಹೊತ್ತುಕೊಳ್ಳುತ್ತದೆ. ಭೀಮು ವರ್ಷಗಟ್ಟಲೆ ಬೈದಿದ್ದರು: "ಕರದ್ರ ಓ ಅನ್ನಂಗಿಲ್ಲ. ಮುಂಬಯಿ ಗಾಳಿ ಬಡದು ಸೊಕ್ಕು ಬಂದದ ನಿನಗ." ದಾನಮ್ಮನೂ ಬಿಟ್ಟಿರಲಿಲ್ಲ: "ನೀ ಮಾರ್ಕೆಟ್ಟಿನಾಗ ಒದರಿ ಒದರಿ ದನಿ ಕಳಕೊಂಡೀದಿ. ನನ್ನ ಕಿವಿಗ್ಯಾಕ ಹಚ್ತೀದಿ?"

ರಿಪೇರಿಗೆ ಬಂದ ಪ್ರತಿ ಹೆಡ್‌ಫೋನನ್ನೂ ಹಾಕಿ ನೋಡಿದಾಗ ಎಡ ಬದಿ ಮೆತ್ತಗೆ ಕೇಳುತ್ತಿತ್ತು. ಎಡಗಡೆಯ ವೈರು ಬೇಗ ಸಡಿಲಾಗುತ್ತದೇನೋ ಎಂದುಕೊಂಡರು. ಎರಡೂ ಬದಿ ಸಮ ಮಾಡಿ ಕೊಡುವುದು ಧರ್ಮವಲ್ಲವೇ? ಕಾರ್ಖಾನೆಯಲ್ಲಿ ಕಲಿತ ವಿದ್ಯೆ ಬಳಸಿ, ಬಲ ಬದಿಯ ವೈರಿಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ರೆಸಿಸ್ಟರ್ ಬೆಸೆದು ದನಿ ತಗ್ಗಿಸಿದರು. ಅವರ ಕಿವಿಗೆ ಸಮವಾಯಿತು. ಹೀಗೆ ನಲವತ್ತಕ್ಕೂ ಮೇಲೆ. ಯಾರೂ ಕೇಳದಿದ್ದರೂ, ಹೆಚ್ಚಿನ ಕೂಲಿಯಿಲ್ಲದೆ, ಶ್ರದ್ಧೆಯಿಂದ ಕೆಡಿಸಿ ಕೊಟ್ಟರು. ಲೋಕಲ್ ಗದ್ದಲದಲ್ಲಿ ಹಾಡು ಕೇಳುವವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಗೊತ್ತಾದದ್ದು ಜಯಲತಾ ಅವರಿಗೆ. ಡೊಂಬಿವಲಿಯ ಜಯಲತಾ, ಅವರ ಊರೂ ಉಡುಪಿ ಕಡೆಯೇ, ಮನೆಯಲ್ಲೇ ಕೂತು, ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ ಮಾತನ್ನು ಕೇಳಿ ಟೈಪ್ ಮಾಡುವವರು. ಫಿಫ್ಟೀನ್ ಎಂದದ್ದು ಫಿಫ್ಟಿ ಎಂದು ಕೇಳಿದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಅಂಥ ಕಿವಿ ಅವರದು. ರಿಪೇರಿ ಮಾಡಿಸಿ ಒಯ್ದ ಮರುದಿನ ಬೆಳಿಗ್ಗೆಯೇ ಬಂದು ಹೆಡ್‌ಫೋನನ್ನು ಟೇಬಲ್ ಮೇಲೆ ಕುಕ್ಕಿದರು.

"ಎಂತದು ಇದು? ಎಡ ಬದಿ ಬೊಬ್ಬೆ ಹೊಡೀತದೆ, ಬಲ ಬದಿ ಗುಟ್ಟು ಹೇಳ್ತದೆ. ಕೊಡುವ ಮೊದ್ಲು ಕೇಳಿ ನೋಡುದಿಲ್ವಾ ನೀವು?"

"ಕೇಳೇ ಕೊಟ್ಟೀನ್ರಿ ಅಕ್ಕಾರ. ಎರಡೂ ಸಮ ಅದಾವ."

"ಸಮವಾ? ನಿಮ್ಮ ತಲೆ! ಪ್ರೇಮನಾಥಣ್ಣ, ನೀವು ಕೇಳಿ ಹೇಳಿ."

ಪ್ರೇಮನಾಥರು ಕೇಳಿದರು. ಮುಖ ಚಿಕ್ಕದು ಮಾಡಿ ಎಡ ಜೋರುಂಟು ಎಂದರು. ದಾನಮ್ಮನ ಪಿತ್ತ ನೆತ್ತಿಗೇರಿತು. "ಊರವರು ಊರವರು ಕೂಡಿದ್ರಿ ಬಿಡ್ರಿ. ನ್ಯಾಯ ಎಲ್ಲಿಂದ ಸಿಗ್ತದ?"

"ಊರು ಬಿಡಿ. ತಿರುಗಿಸಿ ಹಾಕಿ ನೋಡಿ ನೀವೇ" ಎಂದರು ಜಯಲತಾ.

ದಾನಮ್ಮ ಸಿಟ್ಟಿನಲ್ಲೇ ತಿರುಗಿಸಿ ಹಾಕಿಕೊಂಡರು. ಎಡದ ಬಟ್ಟಲು ಬಲಗಿವಿಗೆ ತಾಗಿದ್ದೇ ತಡ, ಹಾವು ಕಚ್ಚಿದವರಂತೆ ಕಿತ್ತು ಬಿಸಾಕಿದರು. ಆಮೇಲೆ ಅದನ್ನು ಎತ್ತಿಕೊಂಡು ಮತ್ತೆ ಮೊದಲಿನಂತೆ ಹಾಕಿದರು. ಮತ್ತೆ ತಿರುಗಿಸಿದರು. ಮೂರು ಸಲ. ಅದೇ ಎಡದ ಬಟ್ಟಲು ಬಲಗಿವಿಗೆ ಬೊಬ್ಬೆ, ಎಡಗಿವಿಗೆ ಮೆತ್ತಗೆ. ಬೆರಳನ್ನು ಎಡಗಿವಿಯ ಹತ್ತಿರ ತಂದು ಚಿಟಿಕೆ ಹೊಡೆದುಕೊಂಡರು. ಟೇಬಲ್ ಮೇಲಿದ್ದ ಉಳಿದ ಹೆಡ್‌ಫೋನ್‌ಗಳ ಕಡೆ ನೋಡಿದರು.

"ಅಕ್ಕಾರ, ಹಂಗಾರ ಇವು ಎಲ್ಲಾ?"

ಜಯಲತಾ ಅವರ ಸಿಟ್ಟು ಅಲ್ಲೇ ಇಳಿಯಿತು. ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತರು. ಎಡಕ್ಕೆ ಕೂತವರು ಎದ್ದು ಬಲಕ್ಕೆ ಬಂದು ಕೂತರು. "ಕಿವಿ ಯಾರಿಗಾದ್ರೂ ತೋರಿಸಿದ್ದೀರಾ?" ಎಂದು ಕೇಳಿದರು. ಆ ವಾರವೇ ತಾವೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರ್ ಹೇಳಿದ್ದು ಎರಡು ಮಾತು. ಎಡಗಿವಿ ಹೋದದ್ದು ಬರುವುದಿಲ್ಲ. ಬಲಗಿವಿಯೂ ಸ್ವಲ್ಪ ತಗ್ಗಿದೆ. ಅದನ್ನು ಕಾಪಾಡಿಕೊಳ್ಳಬೇಕು, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಇನ್ನೂ ಇಳಿದರೆ ಈ ಕೆಲಸ ಬಿಡಬೇಕು.

ದಾನಮ್ಮ ಇಳಿಯುವವರೆಗೂ ಕಾಯಲಿಲ್ಲ. ಅಂದೇ ಬಿಟ್ಟರು. ಒಂಬತ್ತು ದಿನ ಟೇಬಲ್ ದಿವಾದ ಮನೆಯ ಮಂಚದ ಕೆಳಗಿತ್ತು. ಕುಂಟ ಕತ್ತೆಗೆ ಓಟದ ಪಂದ್ಯ ಯಾಕೆ ಎಂದು ಭೀಮುವಿನ ಮುಂದೆ ಅತ್ತರು. ಬೈಯುತ್ತಿದ್ದ ಭೀಮು ಆ ಒಂಬತ್ತು ದಿನ ಬೈಯಲಿಲ್ಲ, ಕರೆಯುವಾಗ ಬಲಕ್ಕೆ ಬಂದು ಕರೆದರು. ಹತ್ತನೇ ದಿನ ಜಯಲತಾ ಮಗಳು ನಿಕಿತಾಳನ್ನು ಕಟ್ಟಿಕೊಂಡು ದಿವಾದ ಗಲ್ಲಿ ಹುಡುಕಿ ಬಂದರು.

"ನಂಗೆ ಕನ್ನಡಕ ಇಲ್ದೆ ನನ್ನ ಕೈಯೇ ಕಾಣುದಿಲ್ಲ. ನಾನು ಟೈಪ್ ಮಾಡುದು ಬಿಟ್ಟಿದ್ದೇನಾ? ಒಂದು ಕಿವಿ ಉಂಟಲ್ಲ. ಎರಡೂ ಬದಿಯನ್ನು ಅದಕ್ಕೇ ಕೇಳಿಸಿ. ಹಾಡು ಹಾಕ್ಬೇಡಿ, ಹಾಡಲ್ಲಿ ಎಡಕ್ಕೊಂದು ಬಲಕ್ಕೊಂದು ಇರ್ತದೆ. ತನ್ನಿ ಮೊಬೈಲ್."

ಆ ಕೋಣೆಯಲ್ಲಿ, ಕುಕ್ಕರ್ ಆರಿಸಿ, ಫ್ಯಾನ್ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಜಯಲತಾ ಒಂದರಿಂದ ಇಪ್ಪತ್ತರವರೆಗೆ ಎಣಿಸಿ ರೆಕಾರ್ಡ್ ಮಾಡಿ ಕೊಟ್ಟರು. ಇವತ್ತಿಗೂ ನಸುಕಿನಲ್ಲಿ ದಾನಮ್ಮನ ಕಿವಿಯಲ್ಲಿ ಎಣಿಸುತ್ತಿರುವುದು ಅದೇ ದನಿ. "ದಿನಾ ಹತ್ತು ಹದಿನೈದು ಸಲ ಅಕ್ಕಾರ ದನಿ ಕೇಳ್ತೀನ್ರಿ. ಹಡದವ್ವನ ದನೀನೂ ಇಷ್ಟು ಕೇಳಿಲ್ಲ. ಅವತ್ತು ಆಕಿ ಬೈದಿರಲಿಲ್ಲಂದ್ರ ನಾ ಇನ್ನೂ ಮಂದಿ ಸಾಮಾನು ಕೆಡಿಸ್ಕೋತನೇ ಇರ್ತಿದ್ದೆ. ಬೈದು ಬಿಟ್ಟು ಹೋಗೋರು ಭಾಳ ಮಂದಿ ಅದಾರ. ಬೈದು ದವಾಖಾನಿಗಿ ಕರ್ಕೊಂಡು ಹೋಗೋರು ಎಲ್ಲಿ ಸಿಗ್ತಾರ?"

ಉಳಿದದ್ದು ಕೆಡಿಸಿದ ನಲವತ್ತು. ನಿಕಿತಾ ರಟ್ಟಿನ ಮೇಲೆ ಮರಾಠಿಯಲ್ಲೂ ಹಿಂದಿಯಲ್ಲೂ ದಪ್ಪಕ್ಷರದಲ್ಲಿ ಬೋರ್ಡ್ ಬರೆದಳು: ಇಲ್ಲಿ ರಿಪೇರಿಯಾದ ಹೆಡ್‌ಫೋನಿನಲ್ಲಿ ತಪ್ಪಾಗಿದೆ, ತನ್ನಿ, ಪುಕ್ಕಟೆ ಸರಿಮಾಡಿ ಕೊಡುತ್ತೇವೆ. "ಆಂಟಿ, ಐಸಾ ಕೋಯೀ ಲಿಖ್ತಾ ಹೈ ಕ್ಯಾ? ಧಂಧಾ ಬಂದ್ ಹೋ ಜಾಯೇಗಾ" ಎಂದು ಅವಳು ತಕರಾರು ತೆಗೆದಿದ್ದಳು. ತನ್ನ ತಪ್ಪನ್ನು ತಾನೇ ಬರೆದು ತೂಗುಹಾಕಿದರೆ ಗಿರಾಕಿ ಬರುತ್ತಾರೆಯೇ? ಬಂದರು. ಇಪ್ಪತ್ತಮೂರು ಜನ. ಒಂದೊಂದಾಗಿ ಬಿಚ್ಚಿ ರೆಸಿಸ್ಟರ್ ತೆಗೆದು ಕೊಟ್ಟರು.

ಇಪ್ಪತ್ತನಾಲ್ಕನೆಯವನು ಬೋರ್ಡ್ ಓದಿಸಿಕೊಂಡು ಬಂದ, ಆದರೆ ಹೆಡ್‌ಫೋನ್ ಕೊಡಲು ಒಪ್ಪಲಿಲ್ಲ. ಹೆಸರು ಮಾಪಣ್ಣ, ರಾಯಚೂರು ಕಡೆಯವನು, ಠಾಕುರ್ಲಿಯಲ್ಲೇ ಬಾಡಿಗೆ ಕೋಣೆ.

"ನಂದು ಮುಟ್ಟಬ್ಯಾಡಬೇ ಯಕ್ಕ. ಇಷ್ಟು ಚಂದ ಯಾರೂ ಮಾಡಿ ಕೊಟ್ಟಿಲ್ಲ. ಮೊದ್ಲು ಎಡಗಡೆ ಕೇಳಸ್ತಾನೇ ಇದ್ದಿಲ್ಲ. ನೀ ಕೊಟ್ಟಮ್ಯಾಗ ಎರಡೂ ಸಮಾ ಕೇಳಸ್ತಾವ."

ದಾನಮ್ಮ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟರು. "ಎಲ್ಲಿ ಕೆಲಸ ಮಾಡ್ತೀಯೋ ತಮ್ಮಾ?"

"ರಬಾಳ್ಯಾಗ. ಪ್ರೆಸ್ ಮಷಿನ್ ಮ್ಯಾಗ."

"ನಿನ್ನ ಎಡಕ್ಕ ಇನ್ನೊಂದು ಪ್ರೆಸ್ ಅದ ಏನು?"

"ಐತಿ. ನಿನಗ ಹೆಂಗ ಗೊತ್ತು? ಏನು ದೇವರು ಗೀವರು ಬರ್ತದೇನಬೇ ಮೈಮ್ಯಾಗ?"

ದೇವರು ಬರಲಿಲ್ಲ, ಸಿಟ್ಟು ಬಂತು. ಮೂವತ್ತೊಂದರ ಹುಡುಗನ ಕಿವಿ ತನ್ನ ಕಿವಿಯ ಹಾದಿ ಹಿಡಿದಿದೆ. ಕೈ ಹಿಡಿದು ಕೂರಿಸಿ, ತಿರುಗಿಸಿ ಹಾಕಿಸಿ ತೋರಿಸಿದರು. ರಜೆ ಹಾಕಿಸಿ ಆಸ್ಪತ್ರೆಗೆ ಕಳಿಸಿದರು. ಈಗ ಮಾಪಣ್ಣ ಕಿವಿಗೆ ರಬ್ಬರ್ ಬಿರಡೆ ಹಾಕಿಕೊಂಡೇ ಪ್ರೆಸ್ ಮುಂದೆ ನಿಲ್ಲುತ್ತಾನೆ. ಅವನ ಕಿವಿ ಅಲ್ಲಿಗೆ ನಿಂತಿದೆ, ಮುಂದೆ ಕೆಟ್ಟಿಲ್ಲ. ಸಂಕ್ರಾಂತಿಗೆ ಊರಿನ ಸಜ್ಜೆ ರೊಟ್ಟಿ ಕಟ್ಟಿಕೊಂಡು ಬಂದಿದ್ದ.

ಅಂದಿನಿಂದ ಈ ಟೇಬಲ್ಲಿನ ಪದ್ಧತಿ ಬದಲಾಯಿತು. ಒಂದು ಬದಿ ಕಡಿಮೆ ಕೇಳುತ್ತದೆ ಎಂದು ಯಾರೇ ಬರಲಿ, ದಾನಮ್ಮ ಇಕ್ಕಳ ಮುಟ್ಟುವುದಿಲ್ಲ. "ಮೊದ್ಲು ತಿರುಗಿಸಿ ಹಾಕಿ ನೋಡ್ರಿ." ಮೆತ್ತನೆ ದನಿ ಇನ್ನೊಂದು ಕಿವಿಗೆ ಹೋಯಿತೇ, ತಪ್ಪು ಹೆಡ್‌ಫೋನಿನದು, ರಿಪೇರಿ ಮಾಡೋಣ. ಅದೇ ಕಿವಿಯಲ್ಲಿ ಉಳಿಯಿತೇ, ಹೆಡ್‌ಫೋನ್ ಚೆನ್ನಾಗಿದೆ, ನಡಿ ಆಸ್ಪತ್ರೆಗೆ. ಅಷ್ಟೇ. ಒಂದು ನಿಮಿಷದ ಕೆಲಸ. ದೊಡ್ಡ ಸುತ್ತಿಗೆ ಹೊಡೆದು ಕಟ್ಟಡ ಒಡೆಯುವವರು, ಬ್ಯಾಂಡ್ ಬಾರಿಸುವವರು, ಫುಲ್ ದನಿಯಲ್ಲಿ ಹಾಡು ಕೇಳುವ ಕಾಲೇಜು ಹುಡುಗಿ, ಹೀಗೆ ಇಪ್ಪತ್ತಾರು. ಕೆಲವರ ಕಿವಿಯಲ್ಲಿ ಬರೀ ಗುಗ್ಗೆ ತುಂಬಿತ್ತು. ತೆಗೆಸಿಕೊಂಡು ಬಂದು ನಕ್ಕರು. "ನಗಲಿ ಬಿಡ್ರಿ. ಕೇಳಿಸಿದ್ದಕ್ಕ ನಗ್ತಾರ."

ಒಂದು ಕಿವಿಯವಳು ಎರಡು ಬದಿ ಹೇಗೆ ತೂಗುತ್ತಾಳೆ ಎಂದು ಕೆಣಕುವವರೂ ಇದ್ದಾರೆ. ದಾನಮ್ಮನ ಉತ್ತರ ನಾಲಿಗೆಯ ತುದಿಯಲ್ಲೇ ಇದೆ: "ನಿಮ್ಮ ಎರಡು ಕಿವಿ ಒಂದೇ ತೂಕ ಅದಾವಂತ ಯಾರು ಹೇಳ್ಯಾರ? ನನ್ನಲ್ಲಿ ಎಡ ಇರಲಿ ಬಲ ಇರಲಿ, ಒಂದೇ ಕಿವಿ ಮುಂದ ಬಂದು ನಿಲ್ಲಬೇಕು."

ಆ ಒಂದೇ ಕಿವಿಯ ಮೇಲೆ ಎಲ್ಲ ನಿಂತಿದೆ. ಮೊಬೈಲಿನ ದನಿಯನ್ನು ಆರನೇ ಗೆರೆ ದಾಟಿಸುವುದಿಲ್ಲ. ಗಣಪತಿ ಮೆರವಣಿಗೆಯ ಡಿಜೆ ಬಂದರೆ ಬಲಗಿವಿಗೆ ಹತ್ತಿ ತುರುಕಿ ಒಳಗೆ ಕೂರುತ್ತಾರೆ. ಮಲಗುವಾಗ ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗುತ್ತಾರೆ. ಆಗ ಕುಕ್ಕರ್ ಹಾರಿದರೂ ತಿಳಿಯುವುದಿಲ್ಲ. "ಇಡೀ ದಿವಾದಾಗ ಚಂದ ನಿದ್ದಿ ಮಾಡಾಕಿ ನಾ ಒಬ್ಬಾಕೀನೇ" ಎಂದು ನಗುತ್ತಾರೆ. ಆದರೆ ವರ್ಷದ ಪರೀಕ್ಷೆ ಹತ್ತಿರ ಬಂದ ವಾರ ನಗು ಇರುವುದಿಲ್ಲ.

ಈ ಸಲದ ಪರೀಕ್ಷೆ ಕಳೆದ ಸೋಮವಾರ ನಡೆಯಿತು. ಸಪ್ಪಳವಿಲ್ಲದ ಸಣ್ಣ ಕೋಣೆ, ಗಾಜಿನಾಚೆ ಪರೀಕ್ಷೆ ಮಾಡುವ ಹುಡುಗಿ, ಕಿವಿಯ ಮೇಲೆ ಹೆಡ್‌ಫೋನ್. ಕುಯ್ ಎಂದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಹೆದರಿಕೆ ಇದ್ದರೂ ದಾನಮ್ಮ, "ಇದರ ಕಮಾನು ಭಾಳ ಬಿಗಿ ಅದರೀ ಮೇಡಮ್" ಎಂದು ಮೊದಲು ಹೇಳಿಯೇ ಕಣ್ಣು ಮುಚ್ಚಿದರು. ಹೊರಗೆ ಬೆಂಚಿನ ಮೇಲೆ ಜಯಲತಾ, ಅವರ ಪಕ್ಕ ಅರ್ಧ ದಿನದ ಕೂಲಿ ಬಿಟ್ಟು ಬಂದ ಭೀಮು.

ಕಾಗದ ಕೈಗೆ ಬಂತು. ಎರಡು ಗೆರೆ. ಎಡದ್ದು ಕೆಳಗೆ ಬಾವಿಗಿಳಿದಿದೆ. ಬಲದ್ದು ಹೋದ ವರ್ಷ ಎಲ್ಲಿತ್ತೋ ಅಲ್ಲೇ ನಿಂತಿದೆ, ಕೂದಲೆಳೆಯಷ್ಟೂ ಇಳಿದಿಲ್ಲ. ಜಯಲತಾ ಎರಡೆರಡು ಸಲ ಓದಿ, "ಸೇಮ್ ಉಂಟು, ದಾನಮ್ಮ. ಸೇಮ್!" ಎಂದರು. ಭೀಮು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಕಣ್ಣನ್ನೋ, ಬೆವರನ್ನೋ, ಯಾರೂ ಕೇಳಲಿಲ್ಲ.

ಮರುದಿನ ನಸುಕಿಗೆ ಮತ್ತೆ ಅದೇ ಮೆಟ್ಟಿಲು, ಅದೇ ಗೋಣಿ. ಇನ್ನೊಂದು ವರ್ಷ ಸಿಕ್ಕಿತಲ್ಲ, ಏನು ಆಸೆ ಎಂದು ಕೇಳಿದರೆ ದಾನಮ್ಮ ಹೆಡ್‌ಫೋನ್ ಕುತ್ತಿಗೆಗೆ ಇಳಿಸುತ್ತಾರೆ.

"ದೊಡ್ಡದೇನಿಲ್ಲರಿ. ಒಂದಿನ ಈ ಟೇಬಲ್ ರಬಾಳಿಗೆ ಒಯ್ಯಬೇಕು. ಶಿಫ್ಟ್ ಬಿಡೂ ಹೊತ್ತಿಗೆ ಮಾಪಣ್ಣನ ಕಾರ್ಖಾನಿ ಗೇಟಿನ ಮುಂದ ಹಾಕಬೇಕು. ಹೊರಗ ಬಂದ ಒಬ್ಬೊಬ್ಬರ ಕಿವಿಗಿ ಅಕ್ಕಾರ ಎಣಿಸೂದು ಕೇಳಸಬೇಕು. ತಿರುಗಿಸಿ ಹಾಕಿ ನೋಡ್ರೋ ಅನ್ನಬೇಕು. ನನ್ನಂಗ ಹನ್ನೊಂದು ವರ್ಷ ತಡ ಮಾಡಬಾರದ್ರಿ ಅವರು."

ಒಬ್ಬರೇ ಟೇಬಲ್ ಹೊತ್ತು ಎರಡು ಗಾಡಿ ಬದಲಿಸಿ ಹೋಗುತ್ತೀರಾ?

"ಮಾಪಣ್ಣ ಹೊರ್ತೀನಿ ಅಂದಾನ. ಇಬ್ಬರದೂ ಎಡಗಿವಿ ಇಲ್ಲ, ಜೋಡಿ ನಡದ್ರ ಎಡಕ್ಕ ಇದ್ದವರಿಗಷ್ಟ ಇನ್ನೊಬ್ಬರ ಮಾತು ಕೇಳ್ತದ. ಅದಕ್ಕ ಅವ ಎಡಕ್ಕ ನಡೀಲಿ, ನಾ ಬಲಕ್ಕ ನಡೀತೀನಿ ಅಂತ ಮೊದ್ಲೇ ಹೇಳೀನಿ. ನಾ ಹೇಳೂದು ಅವಗ ಕೇಳಿದ್ರ ಸಾಕು. ಟೇಬಲ್ ಭಾರ ಅದ ಅಂತ ಅವ ಗೊಣಗೂದು ನನಗ ಕೇಳೂದು ಬ್ಯಾಡ."